ಎರಡನೇ ಪಕ್ಷದ ಭಾಮೈದ

ಸೆಕ್ಷನ್ ಸಾಹೇಬರಿಗೂ ಕಾನೂನಿಗೂ ನಂಟು ಬೆಳೆದದ್ದು ಒಂದು ಕೊಡೆಯಿಂದ. ಕೊಂಡ ವಾರದಲ್ಲೇ ಆ ಕೊಡೆ ಗಾಳಿಗೆ ಮೇಲ್ಮುಖವಾಗಿ ಮಗುಚಿಕೊಂಡು ಬೋಗುಣಿಯ ಹಾಗಾಗಿತ್ತು. ಅವರು ಅದನ್ನು ಅದೇ ಅವಸ್ಥೆಯಲ್ಲಿ ಎತ್ತಿ ಹಿಡಿದುಕೊಂಡು ಅಂಗಡಿಗೆ ಹೋಗಿ, “ಇದಕ್ಕೊಂದು ಸೆಕ್ಷನ್ ಇದೆ, ಗೊತ್ತಾ?” ಎಂದು ಕೇಳಿದರು. ಅಂಗಡಿಯವನು ಹೆದರಿ ಬೇರೆ ಕೊಡೆ ಕೊಟ್ಟ. ಯಾವ ಸೆಕ್ಷನ್ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಅವತ್ತೇ ಎಲ್ಲ ಮುಗಿದುಹೋಗಿ, ನಾನು ಈ ಕಥೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಬೀದಿಯವರು ಅವರನ್ನು ಸೆಕ್ಷನ್ ಸಾಹೇಬರು ಎಂದು ಕರೆದದ್ದು ತಮಾಷೆಗೆ. ಅವರು ಸ್ವೀಕರಿಸಿದ್ದು ಬಿರುದಾಗಿ. ವೃತ್ತಿಯಿಂದ ಅವರು ಕನ್ನಡಕದ ಅಂಗಡಿಯವರು. ಗೋಡೆಯ ಮೇಲಿನ ಅಕ್ಷರ ಓದಲಾರದೆ ಗಿರಾಕಿ ತಡವರಿಸಿದರೆ, “ಕಾನೂನಿನ ಪ್ರಕಾರ ಮೂರನೇ ಸಾಲು ಕಾಣಲೇಬೇಕು” ಎಂದು ಗದರಿಸುತ್ತಿದ್ದರು. ಪಾಪ, ಎಷ್ಟೋ ಜನ ಆ ಹೆದರಿಕೆಗೇ ಕಾಣದ್ದನ್ನೂ ಓದಿಬಿಡುತ್ತಿದ್ದರು.

ಇಂಥವರ ಮನೆಗೆ ಒಂದು ಸಂಜೆ ಅವರ ಭಾಮೈದ ಬಂದ. ಹೆಂಡತಿಯ ಬೆನ್ನಿಗೆ ಬಹಳ ತಡವಾಗಿ ಹುಟ್ಟಿದ ತಮ್ಮ ಅವನು. ಎಳೆತನದಲ್ಲೇ ತಂದೆಯನ್ನು ಕಳೆದುಕೊಂಡ ಅವನನ್ನು, ತಾಯಿ ಕೆಲಸಕ್ಕೆ ಹೋದ ಹೊತ್ತಿನಲ್ಲೆಲ್ಲ ಎತ್ತಿ ಆಡಿಸಿದವಳು ಅಕ್ಕನೇ. ಈಗ ಅವನು ಸೋಫಾ ರಿಪೇರಿ ಮಾಡುತ್ತಿದ್ದ. ಹರಿದ ಕುರ್ಚಿಗೆ ಹೊಸ ಬಟ್ಟೆ ಹೊದಿಸುವುದು, ಕುಗ್ಗಿದ ಸ್ಪ್ರಿಂಗಿಗೆ ಜೀವ ಕೊಡುವುದು ಅವನ ಕೆಲಸ.

“ನನ್ನ ಅಂಗಡಿ ಇರೋ ಕಟ್ಟಡ ಕೆಡವ್ತಾರಂತೆ ಭಾವ,” ಎಂದ ಅವನು. “ಈ ತಿಂಗಳೊಳಗೆ ಖಾಲಿ ಮಾಡ್ಬೇಕು. ಗಿರಾಕಿಗಳ ಸೋಫಾ ಎಲ್ಲ ಹೊಟ್ಟೆ ಬಿಚ್ಚಿಕೊಂಡು ಮಲಗಿವೆ. ಎಲ್ಲಿಗೆ ಹೊತ್ಕೊಂಡು ಹೋಗ್ಲಿ ಅಂತ ತಿಳೀತಿಲ್ಲ.”

“ಅದಕ್ಯಾಕೆ ಅಷ್ಟು ಯೋಚ್ನೆ?” ಎಂದಳು ಅಕ್ಕ. “ಪಕ್ಕದ ಶೆಡ್ಡು ಸುಮ್ನೆ ಬಿದ್ದಿದೆ. ನಾಳೆನೇ ತಂದಿಡು.”

ಅಲ್ಲಿಗೆ ಮಾತು ಮುಗಿಯಬೇಕಿತ್ತು. ಆದರೆ ತಮ್ಮನ್ನು ಒಂದು ಮಾತೂ ಕೇಳದೆ ತೀರ್ಮಾನವಾಗಿದ್ದು ಸಾಹೇಬರ ಗಮನಕ್ಕೆ ಬಂತು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಮುಖ್ಯವಾದ ಮಾತು ಬರುವುದಿದೆ ಎಂಬುದಕ್ಕೆ ಅದು ಸೂಚನೆ.

“ಕೊಡೋಣ. ಆದ್ರೆ ಬರವಣಿಗೇಲಿ ಇರ್ಲಿ.”

“ತಮ್ಮನ ಹತ್ರ ಬರವಣಿಗೆ ಏನ್ರೀ? ಬಾಯಿಮಾತು ನಡೆಯಲ್ವಾ?”

“ನಡೆಯುತ್ತೆ. ನಡೆದೂ ನಡೆದೂ ಒಂದಿನ ಓಡಿಹೋಗುತ್ತೆ. ಕಾನೂನಿನ ಪ್ರಕಾರ ಒಂದು ಕರಾರುಪತ್ರ ಇದ್ರೆ ಎಲ್ರಿಗೂ ಕ್ಷೇಮ.”

ಭಾಮೈದ ಒಳ್ಳೆಯವನು. “ಆಗ್ಲಿ ಭಾವ, ಎಲ್ಲಿ ಸೈನ್ ಮಾಡು ಅಂತೀರೋ ಅಲ್ಲಿ ಮಾಡ್ತೀನಿ,” ಎಂದು ನಕ್ಕು ಎದ್ದುಹೋದ.

ಕರಾರುಪತ್ರ ಬರೆಸಲು ವಕೀಲರ ಬಳಿಗೆ ಹೋಗುವುದು ಸಾಹೇಬರ ಘನತೆಗೆ ಒಪ್ಪುವ ಸಂಗತಿಯಲ್ಲ. ತಾವೇ ಬರೆಯೋಣವೆಂದರೆ ‘ಸದರಿ’ ಎಂಬುದೊಂದನ್ನು ಬಿಟ್ಟು ಕಾನೂನಿನ ಬೇರೆ ಮಾತು ಅವರಿಗೆ ಬರುತ್ತಿರಲಿಲ್ಲ. ಆಗ ನೆನಪಾದದ್ದು, ಹಿಂದಿನ ವಾರ ಕನ್ನಡಕ ಮಾಡಿಸಿಕೊಂಡ ಗಿರಾಕಿಯೊಬ್ಬ ಅವರ ಫೋನಿನಲ್ಲಿ ಹಾಕಿಕೊಟ್ಟಿದ್ದ ಕೃತಕ ಬುದ್ಧಿಯ ಆ್ಯಪು. “ಏನು ಬೇಕು ಅಂತ ಹೇಳಿದ್ರೆ ಸಾಕು, ಪತ್ರ ತಾನಾಗೇ ಬರೆದುಕೊಡುತ್ತೆ” ಎಂದಿದ್ದ ಅವನು.

ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಸಾಹೇಬರು ಫೋನಿನ ಮುಂದೆ ನೆಟ್ಟಗೆ ಕುಳಿತರು. ಕಾಲರ್ ಸರಿಮಾಡಿಕೊಂಡರು. “ನನ್ನ ಸ್ವತ್ತಿನಲ್ಲಿರುವ ಶೆಡ್ಡನ್ನು ಒಬ್ಬ ವ್ಯಕ್ತಿಯ ಬಳಕೆಗೆ ಕೊಡುವ ಬಗ್ಗೆ ಕರಾರುಪತ್ರ ಬೇಕು” ಎಂದು ಬರೆದರು. ‘ಭಾಮೈದ’ ಎಂದು ಬರೆಯಲು ಬೆರಳು ಹೋಗಿತ್ತು. ಆದರೆ ಅದು ಅಡುಗೆಮನೆಯ ಮಾತಾಯಿತು, ಕಾನೂನಿನ ಮಾತಾಗಲಿಲ್ಲ ಎನಿಸಿ ‘ವ್ಯಕ್ತಿ’ ಎಂದೇ ಇಟ್ಟರು.

“ಖಂಡಿತ ಸಹಾಯ ಮಾಡುತ್ತೇನೆ,” ಎಂದಿತು ಆ್ಯಪು. “ನೀವು ಮೊದಲನೇ ಪಕ್ಷ, ಆ ವ್ಯಕ್ತಿ ಎರಡನೇ ಪಕ್ಷ. ಅವರೊಂದಿಗೆ ನಿಮ್ಮ ಸಂಬಂಧವೇನು?”

“ಕಾನೂನಿನ ಮುಂದೆ ಸಂಬಂಧ ಮುಖ್ಯವಲ್ಲ,” ಎಂದು ಸಾಹೇಬರು ಬರೆದರು. ಬರೆದದ್ದನ್ನು ಇನ್ನೊಮ್ಮೆ ಓದಿಕೊಂಡು ಸಂತೋಷಪಟ್ಟರು.

“ಎರಡನೇ ಪಕ್ಷದವರ ಬಗ್ಗೆ ನಿಮಗೆ ಯಾವುದಾದರೂ ಆತಂಕವಿದೆಯೇ? ಮುಕ್ತವಾಗಿ ತಿಳಿಸಬಹುದು.”

ಮುಕ್ತವಾಗಿ ಮಾತಾಡಿ ಎಂದು ಸಾಹೇಬರಿಗೆ ಯಾರಾದರೂ ಹೇಳಿ ಎಷ್ಟೋ ಕಾಲವಾಗಿತ್ತು. ಅವರು ಬಾಯಿ ಬಿಟ್ಟರು, ಅಂದರೆ ಬೆರಳು ಬಿಟ್ಟರು.

“ನಾನಿಲ್ಲದಾಗ ಮನೆಗೆ ಬಂದು ನನ್ನ ಹೆಂಡತಿಯ ಜೊತೆ ಅಡುಗೆಮನೆಯಲ್ಲಿ ಗಂಟೆಗಟ್ಟಲೆ ಮಾತಾಡುತ್ತಾನೆ. ಇಬ್ಬರೂ ನಗುತ್ತಿರುತ್ತಾರೆ. ನಾನು ಒಳಗೆ ಹೋದ ತಕ್ಷಣ ಸುಮ್ಮನಾಗುತ್ತಾರೆ. ಏನು ವಿಷಯ ಎಂದರೆ ಏನಿಲ್ಲ ಎನ್ನುತ್ತಾರೆ. ಅಲ್ಲದೆ ಅವನ ಹತ್ತಿರ ದೊಡ್ಡ ದೊಡ್ಡ ಕತ್ತರಿ, ಸುತ್ತಿಗೆ, ಗೇಣುದ್ದದ ಸೂಜಿ ಎಲ್ಲ ಇರುತ್ತವೆ. ಅವನ್ನೆಲ್ಲ ಶೆಡ್ಡಿನಲ್ಲೇ ಇಡುತ್ತಾನಂತೆ. ಶೆಡ್ಡು ನಾನು ಮಲಗುವ ಕೋಣೆಗೆ ಅಂಟಿಕೊಂಡೇ ಇದೆ.”

ಆ್ಯಪಿನಲ್ಲಿ ಮೂರು ಚುಕ್ಕೆಗಳು ಕುಣಿದವು. ಆಮೇಲೆ ಬರೆಯಿತು: “ಹಂಚಿಕೊಂಡದ್ದಕ್ಕೆ ಧನ್ಯವಾದಗಳು. ನಿಮ್ಮ ಪರಿಸ್ಥಿತಿ ಅತ್ಯಂತ ಸೂಕ್ಷ್ಮವಾಗಿದೆ. ನಿಮಗೆ ಗರಿಷ್ಠ ರಕ್ಷಣೆ ಬೇಕೇ?”

ಬೇಡ ಎನ್ನುವವರು ಯಾರು? ಸಾಹೇಬರು ‘ಹೌದು’ ಒತ್ತಿದರು.

ಪತ್ರ ಬರತೊಡಗಿತು. ಬಂದೇ ಬಂದಿತು. ಹೊಸ ಗಿರಾಕಿಯೊಬ್ಬ ಬಂದು, ಕಣ್ಣು ತೋರಿಸಿ, ಚೌಕಟ್ಟು ಆರಿಸಿ ಹೋದರೂ ಅದಿನ್ನೂ ಬರುತ್ತಲೇ ಇತ್ತು. ಸಾಹೇಬರು ಮೊದಲ ಪುಟ ಓದಿದರು. ‘ಸದರಿ’ ಎಂಬುದು ಸಾಲಿಗೊಂದರಂತೆ ಬಿದ್ದಿತ್ತು, ‘ತತ್ಸಂಬಂಧವಾಗಿ’ ಇತ್ತು, ‘ಇಲ್ಲಿಂದ ಮುಂದಕ್ಕೆ ಮೊದಲನೇ ಪಕ್ಷವೆಂದು ಕರೆಯಲ್ಪಡುವ’ ಎಂದೂ ಇತ್ತು. ಅವರ ಕಣ್ಣು ತುಂಬಿ ಬಂತು. ಮುಂದಿನ ಪುಟಗಳನ್ನು ಓದುವ ಅಗತ್ಯ ಅವರಿಗೆ ತೋರಲಿಲ್ಲ. ಎರಡನೇ ಪಕ್ಷದವರ ಹೆಸರಿನ ಜಾಗ ಖಾಲಿ ಇತ್ತು. ಅದನ್ನು ಸಹಿ ಮಾಡುವಾಗ ಕೈಯಲ್ಲಿ ತುಂಬಿದರಾಯಿತು ಎಂದುಕೊಂಡು ನೇರವಾಗಿ ಜೆರಾಕ್ಸ್ ಅಂಗಡಿಗೆ ನಡೆದರು.

ಜೆರಾಕ್ಸ್ ಅಂಗಡಿಯವನಿಗೆ ಒಂದು ಅಭ್ಯಾಸ. ಮಿಷನ್ನಿನಿಂದ ಬರುವ ಹಾಳೆಗಳನ್ನು ಅಂಚು ಸರಿಮಾಡುವ ನೆಪದಲ್ಲಿ ಓದುತ್ತಾನೆ. ಬೀದಿಯಲ್ಲಿ ಯಾರಿಗೆ ಕೆಲಸ ಸಿಕ್ಕಿತು, ಯಾರ ರಕ್ತದಲ್ಲಿ ಸಕ್ಕರೆ ಏರಿತು ಎಂಬುದೆಲ್ಲ ಮೊದಲು ಅವನಿಗೇ ಗೊತ್ತಾಗುವುದು. ಅವತ್ತು ಕೆಲವು ಪುಟ ಆಗುವಷ್ಟರಲ್ಲಿ ಅವನ ಮುಖ ಬದಲಾಯಿತು. ಇನ್ನು ಕೆಲವು ಪುಟ ಆದಮೇಲೆ ಕುರ್ಚಿ ಎಳೆದು ಹಾಕಿದ.

“ಕೂತ್ಕೊಳ್ಳಿ ಸಾಹೇಬ್ರೇ.”

“ಯಾಕಪ್ಪ?”

“ಸುಮ್ನೆ. ನೀರು ಕುಡೀತೀರಾ? ಸೀಲ್ ಒಡೆಯದೆ ಇರೋ ಬಾಟ್ಲಿ ಇದೆ.” ಅವನು ಆಚೀಚೆ ನೋಡಿ ದನಿ ತಗ್ಗಿಸಿದ. “ಈ ಮನುಷ್ಯ... ಯಾವಾಗ ಬರ್ತಾನೆ?”

“ನಾಳೇನೇ ಬರ್ತೀನಿ ಅಂತ ಕೂತಿದಾನೆ.”

“ನಿಮ್ಮ ಮನೆಯವ್ರಿಗೆ ಗೊತ್ತಾ?”

“ಗೊತ್ತಾ ಅಂದ್ರೆ? ಅವಳೇ ಅಲ್ವಾ ಕರೆದಿದ್ದು!”

ಜೆರಾಕ್ಸಿನವನು ಮಿಷನ್ ಹಿಡಿದುಕೊಂಡ. “ನೀವು ಒಪ್ಪಿಬಿಟ್ರಾ?”

“ಒಪ್ಪದೆ ಏನ್ ಮಾಡ್ಲಿ? ಅವನಿಗೂ ಒಂದು ಜಾಗ ಬೇಡ್ವಾ, ಪಾಪ.”

“ಸಾಹೇಬ್ರೇ, ನಿಮ್ಮದು ಬಹಳ ದೊಡ್ಡ ಮನಸ್ಸು.”

“ಮನಸ್ಸು ದೊಡ್ಡದೇ,” ಎಂದರು ಸಾಹೇಬರು, “ಶೆಡ್ಡು ಸ್ವಲ್ಪ ಚಿಕ್ಕದು.”

ಅವರು ಪುಟಗಳ ಕಟ್ಟನ್ನು ಮಗುವಿನಂತೆ ಎದೆಗೊತ್ತಿಕೊಂಡು ಮನೆಯ ಕಡೆ ತಿರುಗುವ ಮೊದಲೇ ಸುದ್ದಿ ಬೀದಿಯ ಆ ತುದಿಗೆ ಮುಟ್ಟಿತ್ತು. ಅಲ್ಲಿರುವುದು ನರ್ಸಮ್ಮನ ಮನೆ. ನರ್ಸಮ್ಮ ಆಸ್ಪತ್ರೆಯಿಂದ ನಿವೃತ್ತರಾಗಿದ್ದರು, ಅನುಮಾನದಿಂದ ಆಗಿರಲಿಲ್ಲ. ಮೂವತ್ತು ವರ್ಷ ರೋಗಿಗಳು ಸುಳ್ಳು ಹೇಳುವುದನ್ನು ಕೇಳಿದ ಮೇಲೆ, ಚೆನ್ನಾಗಿದ್ದೇನೆ ಎಂದವರನ್ನು ಅವರು ನಂಬುವುದನ್ನೇ ಬಿಟ್ಟಿದ್ದರು. ಮರುದಿನ ಬೆಳಿಗ್ಗೆ ಸಾಹೇಬರ ಅಂಗಡಿಗೆ ಬಂದು, ಕನ್ನಡಕದ ಸ್ಕ್ರೂ ಸಡಿಲಾಗಿದೆ ಎಂದು ಮುಂದೆ ಚಾಚಿ, ಸಾಹೇಬರು ಕೈ ನೀಡಿದ್ದೇ ತಡ ಅವರ ಮಣಿಕಟ್ಟು ಹಿಡಿದುಬಿಟ್ಟರು.

“ಇದೇನಮ್ಮ?”

“ಮಾತಾಡ್ಬೇಡಿ. ನಾಡಿ ತಪ್ಪುತ್ತೆ.” ಆಮೇಲೆ, “ನಾಲಿಗೆ ತೋರಿಸಿ.”

ಹೇಳುವವರು ಗಟ್ಟಿಯಾಗಿ ಹೇಳಿದರೆ ಸಾಹೇಬರು ಯಾವಾಗಲೂ ಮಾಡುತ್ತಿದ್ದರು. ತೋರಿಸಿದರು.

“ಬೆಳಿಗ್ಗೆ ಕಾಫಿ ಮಾಡೋದು ಯಾರು?”

“ಇನ್ಯಾರು, ನಮ್ಮ ಮನೆಯವಳು.”

“ಕಹಿ ಇರುತ್ತಾ?”

“ಕಾಫಿ ಅಂದ್ಮೇಲೆ ಸ್ವಲ್ಪ ಕಹಿ ಇರ್ಬೇಕಲ್ವಾ?”

“ಎಷ್ಟು ದಿನದಿಂದ ಕಹಿ ಇದೆ?”

“ಮದುವೆ ಆದಾಗಿನಿಂದ.”

ನರ್ಸಮ್ಮ ಕಣ್ಣು ಮುಚ್ಚಿಕೊಂಡರು. “ಅಷ್ಟು ನಿಧಾನವಾಗಿಯೂ ಮಾಡ್ತಾರೆ,” ಎಂದು ತಮ್ಮಷ್ಟಕ್ಕೇ ಅಂದುಕೊಂಡು, ಇನ್ನು ಮುಂದೆ ಏನು ಕುಡಿದರೂ ತಳದಲ್ಲಿ ಸ್ವಲ್ಪ ಉಳಿಸಿ ತಮಗೆ ತಂದುಕೊಡಬೇಕೆಂದು ಹೇಳಿ ಹೋದರು. ಸಾಹೇಬರಿಗೆ ಏನೂ ಅರ್ಥವಾಗಲಿಲ್ಲ. ವಯಸ್ಸಾಯಿತು, ಕಾಫಿಯ ಆಸೆ ಇರಬಹುದು ಎಂದುಕೊಂಡರು.

ಅದೇ ಸಂಜೆ ಭಾಮೈದ ಬಂದ. ಅವನ ಕೈಯಲ್ಲಿ ಅಳತೆಯ ಟೇಪು, ಮುಖದಲ್ಲಿ ಸಮಾಧಾನ. ಶೆಡ್ಡಿನ ಕಡೆ ಹೋಗುತ್ತಿದ್ದವನನ್ನು ಸಾಹೇಬರು, “ಮೊದಲು ಪತ್ರ, ಆಮೇಲೆ ಸ್ವಾಧೀನ,” ಎಂದು ಕರೆದು ಕೂರಿಸಿದರು. ಕಟ್ಟನ್ನು ಮೇಜಿನ ಮೇಲೆ ಇಟ್ಟಾಗ ಮೇಜು ಸಣ್ಣದಾಗಿ ಸದ್ದು ಮಾಡಿತು.

“ಏನ್ರೀ ಇದು, ಶೆಡ್ಡಿಗೆ ಇಷ್ಟೊಂದು ಪುಟ?” ಎಂದಳು ಹೆಂಡತಿ.

“ಗರಿಷ್ಠ ರಕ್ಷಣೆ.”

“ಯಾರು ಬರೆದಿದ್ದು? ಬುದ್ಧಿ ಇರೋರು ಬರೆಯೋ ಪತ್ರನಾ ಇದು?”

“ಬುದ್ಧಿನೇ ಬರೆದಿದ್ದು ಕಣೇ. ಕೃತಕ ಬುದ್ಧಿ.”

“ಇರೋದು ಸಾಲ್ದು ಅಂತ ಹೊರಗಿಂದ ತರಿಸಿದ್ರಾ?” ಎಂದು ಅವಳು ನಗುತ್ತಲೇ ಪತ್ರ ಎತ್ತಿಕೊಂಡಳು. ಕೆಲವು ಹಾಳೆ ತಿರುವಿದಳು. ನಗು ನಿಂತಿತು. ಒಂಬತ್ತನೇ ಕಲಮನ್ನು ಗಟ್ಟಿಯಾಗಿ ಓದಿದಳು.

“‘ಎರಡನೇ ಪಕ್ಷದವರು ಮೊದಲನೇ ಪಕ್ಷದವರ ಪತ್ನಿಯೊಡನೆ ಅಡುಗೆಮನೆಯಲ್ಲಾಗಲಿ ಇತರ ಯಾವುದೇ ಕೋಣೆಯಲ್ಲಾಗಲಿ, ಮಾತಿನಿಂದ, ಬರಹದಿಂದ ಅಥವಾ ಸನ್ನೆಯಿಂದ ಯಾವುದೇ ಸಂಪರ್ಕ ಹೊಂದತಕ್ಕದ್ದಲ್ಲ. ಹೊಂದಿದಲ್ಲಿ ಸದರಿ ಸಂಪರ್ಕವನ್ನು ಅಕ್ರಮ ಸಂಪರ್ಕವೆಂದು ಪರಿಗಣಿಸತಕ್ಕದ್ದು.’”

ಅವಳು ಇನ್ನೊಂದು ಹಾಳೆ ತಿರುವಿದಳು.

“ಇನ್ನೊಂದಿದೆ,” ಎಂದಳು. ಈಗ ಅವಳ ದನಿ ಬೇರೆಯೇ ಆಗಿತ್ತು. “‘ಮೊದಲನೇ ಪಕ್ಷದವರು ಅನಿರೀಕ್ಷಿತವಾಗಿ ಮರಣ ಹೊಂದಿದಲ್ಲಿ, ಸದರಿ ಮರಣವು ಸಹಜವೆಂದು ರುಜುವಾತಾಗುವವರೆಗೆ ಎರಡನೇ ಪಕ್ಷದವರು ತಮ್ಮ ಕತ್ತರಿ, ಸುತ್ತಿಗೆ ಹಾಗೂ ಸೂಜಿಗಳನ್ನು ಒಪ್ಪಿಸತಕ್ಕದ್ದು. ಪತ್ನಿಯು ಊರು ಬಿಟ್ಟು ಹೋಗತಕ್ಕದ್ದಲ್ಲ.’ ಏನ್ರೀ ಇದು?”

ಸಾಹೇಬರು ಕಾಲರ್ ಸರಿಮಾಡಿಕೊಂಡರು. “ಅದು... ಅದು ಸಾಮಾನ್ಯವಾಗಿ ಎಲ್ಲ ಪತ್ರಗಳಲ್ಲೂ ಇರುತ್ತೆ,” ಎಂದರು.

ಭಾಮೈದ ಎದ್ದು ನಿಂತ. ಅವನು ಕೂಗಾಡಿದ್ದರೆ ಸಾಹೇಬರಿಗೆ ಸುಲಭವಾಗುತ್ತಿತ್ತು. ಅವನು ಮೆಲ್ಲಗೆ ಕೇಳಿದ.

“ಅಕ್ಕನ ಜೊತೆ ಮಾತಾಡಬಾರ್ದಾ ಭಾವ? ಇವಳ ಕೈ ಹಿಡ್ಕೊಂಡು ನಡೆಯೋದು ಕಲ್ತವನು ನಾನು.”

“ಹಾಗಲ್ಲಪ್ಪ, ನೀನು ಅಂತ ಅಲ್ಲ, ಎರಡನೇ ಪಕ್ಷ ಅಂತ...”

“ಎರಡನೇ ಪಕ್ಷ ನಾನೇ ಅಲ್ವಾ?”

ಅವನು ಪತ್ರದ ಒಂದು ಪ್ರತಿ ತೆಗೆದುಕೊಂಡು, ಚಪ್ಪಲಿ ಮೆಟ್ಟಿ ಹೊರಟುಹೋದ. ಬಾಗಿಲಲ್ಲಿ ಅಕ್ಕನಿಗೆ ಹೋಗಿಬರುತ್ತೇನೆ ಎಂದೂ ಹೇಳಲಿಲ್ಲ. ಕಲಮು ಒಂಬತ್ತು ಅಡ್ಡ ಬರುತ್ತದೆಂದೋ, ನೋವಾಗಿತ್ತೋ, ನಾನು ಹೇಳಲಾರೆ.

ಅಲ್ಲಿಂದಾಚೆ ಹೆಂಡತಿ ಗಂಡನ ಜೊತೆ ನೇರವಾಗಿ ಮಾತಾಡುವುದನ್ನು ಬಿಟ್ಟಳು. ಅಡುಗೆಮನೆಯಿಂದ ಘೋಷಣೆಗಳು ಮಾತ್ರ ಬರುತ್ತಿದ್ದವು. “ಮೊದಲನೇ ಪಕ್ಷದವರ ಊಟ ಮೇಜಿನ ಮೇಲಿದೆ.” “ಮೊದಲನೇ ಪಕ್ಷದವರು ಒದ್ದೆ ಟವೆಲ್ಲನ್ನು ಹಾಸಿಗೆ ಮೇಲೆ ಹಾಕತಕ್ಕದ್ದಲ್ಲ.”

ಸಾಹೇಬರು ತಪ್ಪು ತಿದ್ದಲು ಹೊರಟರು. ಮನುಷ್ಯರ ಹತ್ತಿರ ಹೋಗಿ ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ಅವರು ಮತ್ತೆ ಆ್ಯಪಿನ ಹತ್ತಿರ ಹೋದರು.

“ಎರಡನೇ ಪಕ್ಷದವರು ನನ್ನ ಹೆಂಡತಿಯ ಸ್ವಂತ ತಮ್ಮ,” ಎಂದು ಬರೆದರು. “ದಯವಿಟ್ಟು ಸರಿಪಡಿಸಿ.”

“ಈ ಮಹತ್ವದ ಮಾಹಿತಿಗಾಗಿ ಧನ್ಯವಾದಗಳು,” ಎಂದಿತು ಅದು. “ನನ್ನ ಊಹೆ ತಪ್ಪಾಗಿತ್ತು, ಕ್ಷಮೆ ಇರಲಿ. ಸಂಬಂಧಿಕರಾದರೆ ಆಸ್ತಿಯ ಮೇಲೆ ಹಕ್ಕು ಸಾಧಿಸುವ ಸಾಧ್ಯತೆ ಇನ್ನೂ ಹೆಚ್ಚು. ಅದಕ್ಕೆ ತಕ್ಕ ಕಲಮುಗಳನ್ನು ಸೇರಿಸಿದ್ದೇನೆ.” ಪತ್ರ ಇನ್ನಷ್ಟು ಬೆಳೆಯಿತು.

ಅತ್ತ ಭಾಮೈದನೂ ಸುಮ್ಮನೆ ಕೂರಲಿಲ್ಲ. ನೊಂದವನಿಗೆ ಸಲಹೆ ಕೊಡುವವರು ಬಹಳ. ಯಾರೋ ಅವನ ಫೋನಿಗೂ ಅದೇ ಆ್ಯಪು ಹಾಕಿಕೊಟ್ಟರು. ಅವನು ಪತ್ರದ ಚಿತ್ರ ತೆಗೆದು ಹಾಕಿ, “ಇದರಲ್ಲಿ ನನಗೆ ತೊಂದರೆ ಆಗೋದು ಏನಾದ್ರೂ ಇದೆಯಾ?” ಎಂದು ಕೇಳಿದ. “ಇದನ್ನು ಬರೆದವರಿಗೆ ನಿಮ್ಮ ಮೇಲೆ ತೀವ್ರ ಅನುಮಾನವಿದೆ,” ಎಂದಿತು, ತಾನೇ ಬರೆದದ್ದನ್ನು ಮರೆತುಬಿಟ್ಟಂತಿದ್ದ ಆ ಬುದ್ಧಿ. “ನಿಮಗೆ ಗರಿಷ್ಠ ರಕ್ಷಣೆ ಬೇಕೇ?”

ಹೀಗೆ ಒಂದೇ ಬುದ್ಧಿ ಎರಡು ಫೋನುಗಳಲ್ಲಿ ಕುಳಿತು ತನ್ನೊಡನೆ ತಾನೇ ಜಗಳವಾಡತೊಡಗಿತು. ಬಹಳ ವಿನಯದ ಜಗಳ. ಭಾಮೈದನ ಕಡೆಯ ಪತ್ರ, ಮೊದಲನೇ ಪಕ್ಷದವರ ಮಾನಸಿಕ ಸ್ವಾಸ್ಥ್ಯದ ಬಗ್ಗೆ ವೈದ್ಯರ ಪ್ರಮಾಣಪತ್ರ ಕೇಳಿತು. ಸಾಹೇಬರ ಕಡೆಯ ಪತ್ರ, ಸೂಜಿಗಳ ಉದ್ದ ಕೇಳಿತು. ಅವನ ಪತ್ರ, ಶೆಡ್ಡಿನ ಗೋಡೆಗೆ ಕಿವಿಯಿಟ್ಟು ಕೇಳತಕ್ಕದ್ದಲ್ಲ ಎಂದಿತು. ಇವರ ಪತ್ರ, ಹಾಗಾದರೆ ಕೇಳಬಾರದ್ದು ಏನು ನಡೆಯಲಿದೆ ಎಂದು ವಿವರಣೆ ಬಯಸಿತು. ಪತ್ರಗಳೆಲ್ಲ ಜೆರಾಕ್ಸ್ ಅಂಗಡಿಯ ಮೂಲಕವೇ ಹೋಗಿ ಬರುತ್ತಿದ್ದರಿಂದ ಬೀದಿಯಲ್ಲಿ ಯಾರಿಗೂ ಯಾವುದೂ ತಪ್ಪಲಿಲ್ಲ. ಹಾಲಿನವಳು ಎರಡನೇ ಪಕ್ಷ ಸೇರಿದಳು. ಇಸ್ತ್ರಿಯವನು ಮೊದಲನೇ ಪಕ್ಷ. ಎಷ್ಟೋ ವರ್ಷ ಬಾಗಿಲು ತೆರೆದಿಟ್ಟೇ ಮಲಗುತ್ತಿದ್ದ ಎರಡು ಮನೆಗಳವರು ಒಳಗಿನಿಂದ ಅಗುಳಿ ಹಾಕಿಕೊಳ್ಳತೊಡಗಿದರು. ಯಾಕೆಂದು ಕೇಳಿದರೆ, ಏನೋ ಅಪ್ಪ, ಸಂಬಂಧಿಕರನ್ನೇ ನಂಬೋ ಹಾಗಿಲ್ಲ ಅಂತಾರೆ ಎಂದರು.

ಈ ನಡುವೆ ಕೆಡವಬೇಕಿದ್ದ ಕಟ್ಟಡದ ಕಿಟಕಿ ಬಾಗಿಲುಗಳನ್ನು ಕಿತ್ತರು. ಭಾಮೈದ ಹೊಟ್ಟೆ ಬಿಚ್ಚಿದ ಸೋಫಾಗಳನ್ನು ರಸ್ತೆ ಬದಿಗೆ ತಂದು, ಪ್ಲಾಸ್ಟಿಕ್ ಹೊದಿಸಿ, ಅದರಲ್ಲೊಂದರ ಮೇಲೆ ಕೂತೇ ಕೆಲಸ ಮಾಡುತ್ತಿದ್ದ. ಗಿರಾಕಿಗಳು ಒಬ್ಬೊಬ್ಬರಾಗಿ ಬಂದು ತಮ್ಮ ಕುರ್ಚಿಗಳನ್ನು ಹಾಗೇ ವಾಪಸ್ಸು ಒಯ್ಯತೊಡಗಿದರು. ಅವನ ಅಕ್ಕ ಮಾರುಕಟ್ಟೆಗೆ ಹೋಗುವಾಗ ದೂರದಿಂದ ಅದನ್ನು ನೋಡಿದಳು. ಮನೆಗೆ ಬಂದು ಚೀಲವನ್ನು ನೆಲಕ್ಕೆ ಇಟ್ಟು, ಎಷ್ಟೋ ದಿನದ ಮೇಲೆ ಗಂಡನನ್ನು ನೇರವಾಗಿ ಮಾತಾಡಿಸಿದಳು.

“ನಾಳೆ ನೋಟರಿ ಹತ್ರ ಹೋಗೋಣ. ಅವನಿಗೂ ಬರೋಕೆ ಹೇಳ್ತೀನಿ. ಇದು ಅಲ್ಲೇ ಮುಗೀಲಿ.”

ನೋಟರಿಯವರು ಒಣಕಲು ಮೈಯ, ಬಿಗಿ ತುಟಿಯ ಹೆಂಗಸು. ಎದುರಿಗೆ ಕೂತವರು ಹೆಸರು ಹೇಳಿದರೆ, “ಏನು ಪುರಾವೆ?” ಎಂದು ಕೇಳಿ ಅಭ್ಯಾಸ. ಅವರ ಸಣ್ಣ ಕೋಣೆಗೆ ಸಾಹೇಬರು, ಅವರ ಹೆಂಡತಿ, ಭಾಮೈದ ಬಂದರು. ಸಾಕ್ಷಿಯಾಗಿ ಜೆರಾಕ್ಸಿನವನೂ ನರ್ಸಮ್ಮನೂ ಬಂದರು. ಅವರನ್ನು ಯಾರು ಕರೆದದ್ದು ಎಂಬುದು ಇವತ್ತಿಗೂ ಗೊತ್ತಿಲ್ಲ.

ನೋಟರಿ ಎರಡೂ ಕಟ್ಟುಗಳನ್ನು ಓದಿದರು. ಓದುತ್ತಾ ಓದುತ್ತಾ ಒಬ್ಬೊಬ್ಬರ ಮುಖವನ್ನೂ ಕನ್ನಡಕದ ಮೇಲಿನಿಂದ ನೋಡಿದರು. ಮುದ್ರೆಯನ್ನು ತೆಗೆದು ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು.

“ಇಲ್ಲಿ ಯಾರು ಯಾರನ್ನ ಹೆದರಿಸ್ತಿದೀರಿ?”

“ಯಾರೂ ಇಲ್ಲ ಮೇಡಂ,” ಎಂದರು ಸಾಹೇಬರು.

“ಇವರ ನಾಡಿ ನೋಡಿ, ಗೊತ್ತಾಗುತ್ತೆ,” ಎಂದರು ನರ್ಸಮ್ಮ.

“ಈ ಅಡುಗೆಮನೆ ವಿಷಯ ಏನು?” ನೋಟರಿ ಸಾಹೇಬರ ಹೆಂಡತಿಯ ಕಡೆ ತಿರುಗಿದರು. “ಇಬ್ಬರೂ ಗಂಟೆಗಟ್ಟಲೆ ನಗ್ತೀರಿ, ಇವರು ಬಂದ ತಕ್ಷಣ ನಿಲ್ಲಿಸ್ತೀರಿ ಅಂತ ಇದರಲ್ಲಿದೆ. ಏನು ಮಾತಾಡ್ತೀರಿ? ನಿಜ ಹೇಳಿ, ಪ್ರಮಾಣ ಮಾಡಿ ಹೇಳಿದ ಹಾಗೆ.”

ಅಕ್ಕ ತಮ್ಮನನ್ನು ನೋಡಿದಳು. ತಮ್ಮ ನೆಲ ನೋಡಿದ. ಸಾಹೇಬರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಎಷ್ಟೋ ವರ್ಷದಿಂದ ಅವರಿಗೂ ಅದು ತಿಳಿಯಬೇಕಿತ್ತು.

“ಇವರ ಹಾಗೆ ಮಾಡಿ ತೋರಿಸ್ತಾನೆ,” ಎಂದಳು ಕೊನೆಗೆ.

“ಅಂದ್ರೆ?”

“ಇವರು ಮಾತಾಡೋ ಹಾಗೆ ಮಾತಾಡ್ತಾನೆ ಮೇಡಂ. ನಗು ತಡೆಯೋಕಾಗಲ್ಲ.”

“ಪುರಾವೆ?” ಎಂದರು ನೋಟರಿ.

ಭಾಮೈದ ಬೇಡವೆಂದು ತಲೆಯಾಡಿಸಿದ. ಪುರಾವೆ ಇಲ್ಲದೆ ಮುಂದೆ ಹೋಗುವಂತಿಲ್ಲ ಎಂದರು ನೋಟರಿ. ಅವನು ನಿಧಾನವಾಗಿ ಎದ್ದ. ಇಲ್ಲದ ಕನ್ನಡಕವನ್ನು ತೆಗೆದ, ಒರೆಸಿದ, ಬೆಳಕಿಗೆ ಹಿಡಿದು ನೋಡಿದ, ಹಾಕಿಕೊಂಡ. ಗಂಟಲು ಸರಿಮಾಡಿ, ಗದ್ದ ಎತ್ತಿ, “ಕಾನೂನಿನ ಪ್ರಕಾರ,” ಎಂದ, “ಸಾರಿಗೆ ಉಪ್ಪು ಎಷ್ಟಿರಬೇಕೋ ಅಷ್ಟಿಲ್ಲ. ಇದಕ್ಕೊಂದು ಸೆಕ್ಷನ್ ಇದೆ.”

ಜೆರಾಕ್ಸಿನವನಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ನರ್ಸಮ್ಮ ಅವನ ಬೆನ್ನಿಗೆ ಗುದ್ದಿದರು. ಅಕ್ಕ ಸೆರಗು ಬಾಯಿಗಿಟ್ಟುಕೊಂಡಳು, ಆದರೆ ಭುಜ ಕುಲುಕುತ್ತಿತ್ತು. ನೋಟರಿಯವರ ಬಿಗಿ ತುಟಿಯೂ ಒಂದು ಬದಿಗೆ ಜಾರಿತು. ಸಾಹೇಬರು ಮಾತ್ರ ತಮ್ಮನ್ನೇ ಮೊದಲ ಬಾರಿ ಎದುರಿಗೆ ಕಂಡವರಂತೆ ಬಾಯಿ ತೆರೆದು ಕೂತಿದ್ದರು.

“ನಾನು... ಹಾಗೆ ಗದ್ದ ಎತ್ತುತೀನಾ?”

“ಎತ್ತುತೀರಿ,” ಎಂದಳು ಹೆಂಡತಿ.

“ಅಷ್ಟು ಎತ್ತರಕ್ಕಾ?”

“ಇನ್ನೂ ಸ್ವಲ್ಪ ಎತ್ತರಕ್ಕೆ.”

ನೋಟರಿ ತಕ್ಷಣ ತುಟಿಯನ್ನು ಮೊದಲಿನ ಜಾಗಕ್ಕೆ ತಂದರು. “ಆಯ್ತು. ಆದ್ರೆ ನನಗೆ ಇನ್ನೊಂದು ಅನುಮಾನ. ಇಷ್ಟು ಪುಟದಲ್ಲಿ ಶೆಡ್ಡಿನ ಮಾಲೀಕರು ಇವರೇ ಅನ್ನೋದಕ್ಕೆ ಒಂದು ದಾಖಲೆನೂ ಇಲ್ಲ. ಮನೆ ಯಾರ ಹೆಸರಲ್ಲಿದೆ?”

“ನನ್ನದೇ,” ಎಂದರು ಸಾಹೇಬರು. ಬಾಗಿಲ ಮೇಲೆ ಅವರ ಹೆಸರಿನ ಫಲಕವಿತ್ತು. ದಿನವೂ ಅದನ್ನು ಓದಿಕೊಂಡೇ ಒಳಗೆ ಹೋಗುತ್ತಿದ್ದರಿಂದ ಅವರಿಗೆ ಬೇರೆ ಯೋಚನೆ ಬಂದಿರಲಿಲ್ಲ.

“ನನ್ನ ಹೆಸರಲ್ಲಿದೆ,” ಎಂದಳು ಹೆಂಡತಿ. “ನಮ್ಮಮ್ಮ ನನ್ನ ಹೆಸರಿಗೆ ಮಾಡಿಟ್ಟು ಹೋದ ಮನೆ. ಇವನು ಹುಟ್ಟಿದ್ದೂ ಅಲ್ಲೇ.”

ನೋಟರಿ ನಿಧಾನವಾಗಿ ಸಾಹೇಬರ ಕಡೆ ತಿರುಗಿದರು.

“ಹಾಗಾದ್ರೆ ನೀವು ಯಾರು?”

ಪ್ರಶ್ನೆ ಸಣ್ಣದು. ಸಾಹೇಬರು ಕಟ್ಟು ತಿರುವಿದರು. ಅವರು ಮೊದಲನೇ ಪಕ್ಷ ಅಲ್ಲ, ಎರಡನೇ ಪಕ್ಷವೂ ಅಲ್ಲ. ಪತ್ರದ ಉದ್ದಕ್ಕೂ ಹುಡುಕಿದರೆ ‘ಸ್ವತ್ತಿನ ವಿಷಯದಲ್ಲಿ ಅನಧಿಕೃತವಾಗಿ ಕೈಹಾಕುವ ಮೂರನೇ ವ್ಯಕ್ತಿ’ ಎಂದು ಒಂದು ಕಡೆ ಇತ್ತು. ಅಂಥವರನ್ನು ಮುನ್ಸೂಚನೆಯಿಲ್ಲದೆ ಹೊರಹಾಕತಕ್ಕದ್ದು ಎಂದೂ ಇತ್ತು. ಅದನ್ನು ಜೆರಾಕ್ಸಿನವನು ಪುಟದ ಸಂಖ್ಯೆ ಸಮೇತ ಜ್ಞಾಪಿಸಿದ.

ಸಾಹೇಬರು ಕನ್ನಡಕ ತೆಗೆದರು. ಒರೆಸಲು ಹೋಗಿ, ಎಲ್ಲರೂ ನೋಡುತ್ತಿರುವುದು ಕಂಡು ಹಾಗೇ ಕೈಯಲ್ಲಿ ಹಿಡಿದುಕೊಂಡರು.

“ಮೂರನೇ ವ್ಯಕ್ತಿದೇ ತಪ್ಪು ಕಣಪ್ಪ,” ಎಂದರು ಭಾಮೈದನಿಗೆ. ಕನ್ನಡಕವಿಲ್ಲದ ಅವರ ಕಣ್ಣುಗಳು ಚಿಕ್ಕವಾಗಿ ಕಾಣುತ್ತಿದ್ದವು. “ನಿನ್ನನ್ನ ರ‍ಸ್ತೆ ಮೇಲೆ ಕೂರಿಸಿಬಿಟ್ಟೆ.”

“ಬಿಡಿ ಭಾವ,” ಎಂದ ಅವನು, ಇನ್ನೂ ನೆಲ ನೋಡುತ್ತಾ. “ನಾನೂ ನಿಮಗೆ ತಲೆ ಸರಿ ಇದೆ ಅಂತ ಸರ್ಟಿಫಿಕೇಟ್ ಕೇಳ್ಬಾರ್ದಿತ್ತು.”

“ಕೇಳಿದ್ದು ಸರಿಯಾಗೇ ಇತ್ತು,” ಎಂದಳು ಅಕ್ಕ. ಪರ್ಸಿನಿಂದ ಶೆಡ್ಡಿನ ಬೀಗದ ಕೈ ತೆಗೆದು ತಮ್ಮನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ನೋಟರಿಯವರು, “ಇದನ್ನ ಬರೆದುಕೊಳ್ಳೋದಾ?” ಎಂದರು. ಬೇಡ ಎಂದಳು. ಅವರು ಡ್ರಾಯರಿನ ಬೀಗ ಮತ್ತೊಮ್ಮೆ ಎಳೆದು ನೋಡಿ, ಮುಂದಿನವರನ್ನು ಕರೆದರು.

ಆ ಮಧ್ಯಾಹ್ನವೇ ಸಾಮಾನು ಬಂತು. ಕುರ್ಚಿಗಳು ಒಳಗೆ ಹೋದವು, ಬಟ್ಟೆಯ ಸುರುಳಿಗಳು ಹೋದವು, ಕತ್ತರಿ ಸೂಜಿಗಳೂ ಹೋದವು. ಸಾಹೇಬರು ಅಂಗಡಿ ಮುಚ್ಚಿ, ಅಂಗಿಯ ತೋಳು ಮಡಿಸಿಕೊಂಡು ನಿಂತರು. ಕೊನೆಗೆ ಉಳಿದದ್ದು ಮೂರು ಜನ ಕೂರುವ ಒಂದು ಭಾರಿ ಸೋಫಾ. ಸಾಹೇಬರು ಒಳಗಿನಿಂದ ಎಳೆದರು, ಭಾಮೈದ ಹೊರಗಿನಿಂದ ತಳ್ಳಿದ. ಅದು ಅರ್ಧ ಒಳಗೆ ಬಂದು, ಬಾಗಿಲ ಚೌಕಟ್ಟಿಗೆ ಕಚ್ಚಿಕೊಂಡು ನಿಂತುಬಿಟ್ಟಿತು. ಎಳೆದರೆ ಬರಲಿಲ್ಲ, ತಳ್ಳಿದರೆ ಹೋಗಲಿಲ್ಲ. ಮೇಲೆ ಒಂದು ಗೇಣು ಸಂದು ಮಾತ್ರ ಉಳಿದಿತ್ತು. ಸಾಹೇಬರ ಹಣೆ ಮತ್ತು ಕಣ್ಣು ಅಲ್ಲಿಂದ ಹೊರಗೆ ಕಂಡವು.

“ಬಾಗಿಲ ಅಳತೆ ತಗೊಳ್ಳಲೇ ಇಲ್ಲ ಭಾವ,” ಎಂದ ಭಾಮೈದ ಏದುಸಿರು ಬಿಡುತ್ತಾ. “ಅವತ್ತು ಟೇಪು ತಂದಿದ್ದೆ. ಅಷ್ಟರಲ್ಲಿ ನೀವು ಪತ್ರ ತೆಗೆದ್ರಿ.”

“ಅಷ್ಟೆಲ್ಲ ಪುಟದಲ್ಲಿ ಇದೊಂದು ಬರೆದಿರಲಿಲ್ಲ ನೋಡು,” ಎಂದರು ಸಾಹೇಬರು ಒಳಗಿನಿಂದ. ಕಾಲು ಸೋತು, ಸೋಫಾದ ಒಳಗಿನ ತುದಿಯಲ್ಲಿ ಕುಳಿತರು. ಭಾಮೈದ ಹೊರಗಿನ ತುದಿಯಲ್ಲಿ ಕುಳಿತ. ಅಕ್ಕ ಬಡಗಿಯನ್ನು ಕರೆತರಲು ಹೊರಟವಳು, ಗಂಡ ಇರುವ ಅವಸ್ಥೆ ನೋಡಿ ಮತ್ತೆ ಸೆರಗು ಬಾಯಿಗಿಟ್ಟುಕೊಂಡಳು.

ಅದೇ ವೇಳೆಗೆ ನರ್ಸಮ್ಮ ಆ ದಾರಿಯಲ್ಲಿ ಬಂದರು. ಅವರಿಗೆ ಕಂಡದ್ದು ಇಷ್ಟು: ಕಿಟಕಿಯಿಲ್ಲದ ಶೆಡ್ಡು, ಬಾಗಿಲಿಗೆ ಅಡ್ಡವಾಗಿ ಸೋಫಾ, ಅದರ ಮೇಲೆ ಕೈಕಟ್ಟಿ ಕಾವಲು ಕೂತ ಭಾಮೈದ, ಬದಿಯಲ್ಲಿ ನಗುತ್ತಾ ನಿಂತ ಹೆಂಡತಿ, ಸಂದಿನಲ್ಲಿ ಸಾಹೇಬರ ಎರಡು ಕಣ್ಣು.

“ಅಯ್ಯೋ, ಕೊನೆಗೂ ಕೂಡಿಹಾಕೇಬಿಟ್ರಲ್ಲಪ್ಪಾ!” ಎಂದು ಅವರು ಕೂಗಿದ ಕೂಗಿಗೆ ಜೆರಾಕ್ಸ್ ಅಂಗಡಿಯ ಮಿಷನ್ ನಿಂತಿತು. ಇಸ್ತ್ರಿಯವನು ಪೆಟ್ಟಿಗೆ ಹಿಡಿದೇ ಓಡಿಬಂದ.

ಸಾಹೇಬರು ಗಾಬರಿಯಿಂದ ಎದ್ದು ಸಂದಿಗೆ ಬಾಯಿ ತಂದರು. ಇಂಥ ಹೊತ್ತಿನಲ್ಲಿ ತಪ್ಪು ಅರ್ಥಕ್ಕೆ ಎಡೆಯಿಲ್ಲದ ಹಾಗೆ ಮಾತಾಡಬೇಕೆಂದು ಅವರಿಗೆ ತೋರಿತು.

“ನಾನು ಸ್ವಸ್ಥಚಿತ್ತನಾಗಿ,” ಎಂದು ಅವರು ಬೀದಿಗೆಲ್ಲ ಕೇಳುವಂತೆ ಸಾರಿದರು, “ಯಾರ ಒತ್ತಾಯವಾಗಲಿ, ಬೆದರಿಕೆಯಾಗಲಿ ಇಲ್ಲದೆ, ಸ್ವಸಂತೋಷದಿಂದ ಈ ಶೆಡ್ಡಿನೊಳಗೆ ಇದ್ದೇನೆ!”

ನರ್ಸಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ಬೀದಿಯವರ ಕಡೆ ತಿರುಗಿದರು.

“ಕೇಳಿದ್ರಾ? ಹೇಗೆ ಬಾಯಿಪಾಠ ಮಾಡ್ಸಿದಾರೆ ನೋಡಿ!”